ಐವತ್ತರ ಮೇಲೆ ಅಕ್ಷರಾಭ್ಯಾಸ

ನಮ್ಮ ಶಾಲೆಯ ಮೂಲೆಯ ಕೋಣೆಯಲ್ಲಿ ನಾಲ್ಕು ಗಣಕಯಂತ್ರಗಳು ಬಹುಕಾಲ ಮುಸುಕು ಹೊದ್ದು ಕುಳಿತಿದ್ದುವು. ಕೋಣೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ; ಕಪಾಟಿನ ಬೀಗದ ಕೈ ಅವರ ಜೇಬಿನಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮುಸುಕು ಸರಿಯುತ್ತಿತ್ತು. ಭಸ್ಮ ಕುಂಕುಮಗಳನ್ನು ಹಚ್ಚಿ, ಕಾಯಿ ಒಡೆದು, ನೀರು ಸಿಡಿಯದಂತೆ ಎಚ್ಚರವಹಿಸಿ, ಮತ್ತೆ ಮುಸುಕು ಎಳೆಯುತ್ತಿದ್ದೆವು. ಪಂಪನ ಪದ್ಯಕ್ಕೆ ಅನ್ವಯ ಮಾಡಿ ಅರ್ಥ ಹೇಳಬಲ್ಲ ನನಗೆ ಆ ಯಂತ್ರವನ್ನು ಚಾಲೂ ಮಾಡುವ ಗುಂಡಿ ಎಲ್ಲಿದೆಯೆಂಬುದು ತಿಳಿದಿರಲಿಲ್ಲ. ತಿಳಿಯದುದರಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವಾದುದು ಮತ್ತೊಬ್ಬರಿಗೆ, ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳ ವಿದ್ಯಾರ್ಥಿವೇತನದ ಯಾದಿಯನ್ನು ಕಳುಹಿಸಬೇಕಾಗಿತ್ತು. ತರಗತಿಯ ಶಿಕ್ಷಕ ನಾನು. ಪೇಟೆಯ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಲು ಕುಳಿತೆನು. ಹೆಸರುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿ. ಹುಡುಗನು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, “ಸರ, ಒಮ್ಮೆ ನೋಡಿಕೊಳ್ರಿ” ಎಂದನು. ಪರದೆಯ ಮೇಲಿನದನ್ನು ಕೆಳಕ್ಕೂ ಮೇಲಕ್ಕೂ ಸರಿಸಿ ಓದುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕನ್ನಡಕ ತಂದಿಲ್ಲವೆಂದು ಹೇಳಿದೆನು. ಕನ್ನಡಕ ಜೇಬಿನಲ್ಲಿಯೇ ಇತ್ತು. ಮುದ್ರಿತ ಹಾಳೆಗೆ ರುಜು ಹಾಕಿ ಬಂದೆನು.

ಯಾದಿಯಲ್ಲಿ ಒಬ್ಬ ಹುಡುಗನ ಹೆಸರು ಮಾಳಪ್ಪ ಎಂದಿರಲಿ. ನಿಜವಾದ ಹೆಸರು ಬೇಡ. ಇಂಗ್ಲಿಷ್ ಲಿಪಿಯಲ್ಲಿ ಳಕಾರವಿಲ್ಲ, ದೀರ್ಘವೂ ಸ್ಪಷ್ಟವಿಲ್ಲ. ಬೆರಳಚ್ಚಿನ ಹುಡುಗನು ‘ಎಲ್’ ಅಕ್ಷರವನ್ನು ಎರಡು ಸಲ ಒತ್ತಿದನು, ಮಾಳಪ್ಪನು ಮಲ್ಲಪ್ಪನಾದನು. ಬ್ಯಾಂಕಿನ ಪುಸ್ತಕದಲ್ಲಿ ಒಂದು ಹೆಸರು, ಯಾದಿಯಲ್ಲಿ ಇನ್ನೊಂದು. ಹಣ ಬರಲಿಲ್ಲ. ತೊಗರಿ ಕೊಯ್ಲಿನ ದಿನಗಳು. ಹುಡುಗನ ತಂದೆ ಕೂಲಿ ಬಿಟ್ಟು ಮೂರು ಸಲ ತಾಲ್ಲೂಕಿನ ಊರಿಗೆ ಅಲೆದನು. ಕೊನೆಗೊಂದು ದಿನ ಶಾಲೆಗೆ ಬಂದು, “ಸರ, ನಮ್ಮ ಹುಡುಗನ ಹೆಸರು ಬ್ಯಾರೆ ಆಗ್ಯಾದಂತ ಹೇಳ್ತಾರ್ರಿ, ಹ್ಯಾಂಗ ಆಯ್ತ್ರಿ?” ಎಂದು ಕೇಳಿದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲಕಾರ ಳಕಾರಗಳನ್ನು ಅದಲುಬದಲು ಮಾಡಿದ ಮಕ್ಕಳ ಅಂಕ ಕಡಿಯುತ್ತ ಇಪ್ಪತ್ತೈದು ವರ್ಷ ಕಳೆದವನು ನಾನು. ಅಂಗಡಿಯ ಹುಡುಗನನ್ನು ಬಯ್ಯುವ ಹಕ್ಕೂ ನನಗೆ ಇರಲಿಲ್ಲ; ಅವನು ತೋರಿಸಿದ್ದನಲ್ಲ.

ನಾನು ಜೇವರ್ಗಿ, ಅಫಜಲಪುರ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿ ಈಗ ಆಳಂದ ತಾಲ್ಲೂಕಿನಲ್ಲಿದ್ದೇನೆ. ಭೀಮಾ ಅಮರ್ಜಾ ನದಿಗಳ ಈ ನಾಡು ಪರರ ಕೈಬರೆಹವನ್ನು ಬಹುಕಾಲ ನಂಬಿಕೊಂಡು ಬಂದ ನಾಡು. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ರೈತನು ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆಯೆಂದು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾಗಿತ್ತು. 1956ರಲ್ಲಿ ನಾಡು ಒಂದಾಯಿತು, ಕಚೇರಿಗೆ ಕನ್ನಡ ಬಂದಿತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಪಹಣಿಯು ಗಣಕಯಂತ್ರದಿಂದಲೇ ಹೊರಬರತೊಡಗಿತು. ಬೆಳೆವಿಮೆ, ಪಡಿತರ ಚೀಟಿ, ಜಾತಿ ಆದಾಯ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಎಲ್ಲವೂ ಈಗ ಪರದೆಯ ಮೇಲಿನ ವ್ಯವಹಾರ. ಸರಕಾರಿ ನೌಕರರ ಅನೇಕ ವರ್ಗಗಳಿಗೆ ಗಣಕಯಂತ್ರ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿ ಬಂದುವು. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಮೀಸಲಾದ ಹುದ್ದೆಗಳಿಗೆ ಅರ್ಜಿ ಹಾಕುವುದೂ ಈ ಯಂತ್ರದ ಮೂಲಕವೇ. ಅಜ್ಜನು ಅರ್ಜಿ ಬರೆಯುವವನ ಎದುರು ಕುಳಿತಂತೆ ಮೊಮ್ಮಗನು ಪರದೆಯ ಬೆನ್ನಿಗೆ ಮುಖಮಾಡಿ ಕುಳಿತರೆ, ಅಕ್ಷರ ಕಲಿತುದರ ಫಲ ಅರ್ಧವೇ ಸರಿ.

ಅಂತೂ ಮುಸುಕು ತೆಗೆಸಿದೆವು. ನನಗೆ ಗುರುವಾದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳ ಅಣ್ಣನು ಕಲಬುರಗಿಯಲ್ಲಿ ಕಲಿತು ಅವಳಿಗೆ ಕಲಿಸಿದ್ದನು. ನಾನು ಬೆರಳನ್ನು ಕೀಲಿಯ ಮೇಲೆ ಇಡಲು ಅಳುಕುತ್ತಿದ್ದುದನ್ನು ಕಂಡು ಅವಳು, “ಸರ, ಅದು ಕಚ್ಚಂಗಿಲ್ರಿ, ಹಗೂರ ಮುಟ್ರಿ” ಎಂದಳು. ನಮ್ಮ ವಯಸ್ಸಿನವರಿಗೆ ಇರುವ ದೊಡ್ಡ ತೊಡಕು ಇದೇ. ಎಲ್ಲಿ ಕೈಯಿಟ್ಟರೆ ಏನು ಕೆಟ್ಟುಹೋದೀತೋ ಎಂಬ ಭಯ. ಕೀಲಿಗಳನ್ನು ತಪ್ಪಾಗಿ ಒತ್ತಿದ ಮಾತ್ರಕ್ಕೆ ಯಂತ್ರ ಮುರಿಯುವುದಿಲ್ಲ. ಕೆಡಬಹುದಾದುದು ನಾವು ಬರೆದ ಬರೆಹ, ಅದಕ್ಕೂ ಮದ್ದುಂಟು. ‘ಕಂಟ್ರೋಲ್’ ಎಂಬ ಕೀಲಿಯನ್ನು ಒತ್ತಿಹಿಡಿದು ‘ಝಡ್’ ಕೀಲಿಯನ್ನು ಮುಟ್ಟಿದರೆ ಕಡೆಯದಾಗಿ ಮಾಡಿದ ಕೆಲಸ ಹಿಂದಕ್ಕೆ ಹೋಗುತ್ತದೆ. ಅಳಿಸಿದುದು ಮತ್ತೆ ಮೂಡುತ್ತದೆ. ಇದನ್ನು ಕಂಡ ದಿನ ನನ್ನ ಅರ್ಧ ಭಯ ಹೋಯಿತು. ಆದರೆ ‘ಇದನ್ನು ತೆಗೆದುಹಾಕಲೆ?’ ಎಂದು ಯಂತ್ರವೇ ಪೆಟ್ಟಿಗೆ ತೆರೆದು ಕೇಳಿದಾಗ ಮಾತ್ರ ಓದದೆ ಒಪ್ಪಬಾರದು. ಓದದೆ ರುಜು ಹಾಕಿದವನ ಮಾತಿದು.

ಯಂತ್ರದ ಅಂಗಗಳನ್ನು ಬಹಳ ವಿವರಿಸಬೇಕಾದುದಿಲ್ಲ. ಎದುರಿಗೆ ಪರದೆ, ಪಕ್ಕದಲ್ಲಿ ಅಥವಾ ಮೇಜಿನ ಕೆಳಗೆ ನಿಜವಾದ ಯಂತ್ರವನ್ನುಳ್ಳ ಪೆಟ್ಟಿಗೆ, ಕೈಗೆ ಕೀಲಿಮಣೆ ಮತ್ತು ಮೌಸು. ಪರದೆಯನ್ನು ಆರಿಸಿದರೆ ಯಂತ್ರ ನಿಂತಂತೆ ಆಗಲಿಲ್ಲ. ಪೆಟ್ಟಿಗೆ ಒಳಗೇ ಗುಂಯ್‌ಗುಟ್ಟುತ್ತಿರುತ್ತದೆ. ಮುಗಿಸುವಾಗ ‘ಷಟ್ ಡೌನ್’ ಎಂಬ ಆಜ್ಞೆಯನ್ನು ಕೊಟ್ಟು, ಅದು ತಾನಾಗಿ ಆರಿದ ಮೇಲೆ ಗೋಡೆಯ ಗುಂಡಿ ಆರಿಸಬೇಕು.

ಮೌಸೆಂಬುದು ನನ್ನನ್ನು ಒಂದು ವಾರ ಕಾಡಿತು. ಅಮೆರಿಕದ ಡಗ್ಲಸ್ ಎಂಗೆಲ್‌ಬರ್ಟ್ ಎಂಬುವರು ಇದನ್ನು 1968ರಲ್ಲಿ ಮೊದಲಬಾರಿಗೆ ಸಾರ್ವಜನಿಕವಾಗಿ ತೋರಿಸಿದರು. ಅದರ ಮೊದಲ ರೂಪ ಮರದ್ದು. ಮೇಜಿನ ಮೇಲೆ ಇದನ್ನು ಸರಿಸಿದರೆ ಪರದೆಯ ಮೇಲೆ ಬಾಣದ ಗುರುತು ಸರಿಯುತ್ತದೆ. ಮೇಜಿನ ಅಂಚು ಬಂದಿತು, ಬಾಣ ಇನ್ನೂ ಮುಂದೆ ಹೋಗಬೇಕು, ಏನು ಮಾಡುವುದು? ನಾನು ಮೇಜನ್ನೇ ಸರಿಸಲು ನೋಡಿದೆನು. ಮೌಸನ್ನು ಕೈಯಿಂದ ಎತ್ತಿ ನಡುವೆ ಇಟ್ಟು ಮತ್ತೆ ಸರಿಸಿದರಾಯಿತು. ಎತ್ತಿದಾಗ ಬಾಣ ಇದ್ದಲ್ಲಿಯೇ ಇರುತ್ತದೆ. ಬಲ್ಲವರಿಗೆ ಇದು ಹೇಳತಕ್ಕ ಮಾತೇ ಅಲ್ಲವಾದುದರಿಂದ ಯಾರೂ ಹೇಳುವುದಿಲ್ಲ. ಎಡಗುಂಡಿಯನ್ನು ಒಮ್ಮೆ ಒತ್ತಿದರೆ ಆಯ್ಕೆ. ಬೇಗಬೇಗನೆ ಎರಡು ಸಲ ಒತ್ತಿದರೆ ತೆರೆಯುವುದು. ಬಲಗುಂಡಿಯಿಂದ ಆ ವಸ್ತುವಿನ ಮೇಲೆ ಮಾಡಬಹುದಾದ ಕೆಲಸಗಳ ಯಾದಿ. ವಯಸ್ಸಾದ ಬೆರಳಿಗೆ ಆ ‘ಬೇಗಬೇಗನೆ’ ಕಷ್ಟ. ಅಂಥವರು ಒಮ್ಮೆ ಒತ್ತಿ ಕೀಲಿಮಣೆಯ ‘ಎಂಟರ್’ ಕೀಲಿಯನ್ನು ಮುಟ್ಟಿದರೂ ಅದೇ ಫಲ. ಕೈ ಪಳಗಲು ಇಸ್ಪೀಟಿನ ಆಟ ಒಳ್ಳೆಯದೆಂದು ನನ್ನ ಪುಟ್ಟ ಗುರುವಿನ ಸಲಹೆ. 1990ರಲ್ಲಿ ವಿಂಡೋಸ್ ಜೊತೆಯಲ್ಲಿ ಬಂದ ಆ ಆಟದಲ್ಲಿ ಎಲೆಯನ್ನು ಬಾಣದಿಂದ ಹಿಡಿದು, ಎಳೆದು, ಬಿಡಬೇಕು. ಮೌಸಿನ ವಿದ್ಯೆಯೆಲ್ಲ ಅದರಲ್ಲಿಯೇ ಬಂದುಹೋಗುತ್ತದೆ. ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಇಸ್ಪೀಟಾಡಿದ ಕನ್ನಡ ಪಂಡಿತನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬಹುದು.

ಇನ್ನು ನಮ್ಮ ಭಾಗದವರು ಮರೆಯಬಾರದ ಒಂದು ವಿಷಯ. ವಿದ್ಯುತ್ತು ಯಾವಾಗ ಹೋದೀತೆಂದು ಹೇಳಲಾಗದು. ಪರದೆಯ ಮೇಲೆ ನಾವು ಬರೆಯುತ್ತಿರುವುದು ಪಾಟಿಯ ಮೇಲಿನ ಬರೆಹ. ವಿದ್ಯುತ್ತು ಹೋದರೆ ಅಂಗೈಯಿಂದ ಒರಸಿದಂತೆ ಹೋಗುತ್ತದೆ. ಯಂತ್ರಕ್ಕೆ ಎರಡು ಬಗೆಯ ನೆನಪುಂಟು. ಒಂದು ಕೆಲಸ ನಡೆಯುವಷ್ಟು ಹೊತ್ತಿನದು, ಬಲು ಚುರುಕು. ವಿದ್ಯುತ್ತು ಇರುವ ತನಕ ಮಾತ್ರ ಅದರ ಬಾಳು. ಇನ್ನೊಂದು ಪುಸ್ತಕದಂತೆ, ಬರೆದಿಟ್ಟುದು ವಿದ್ಯುತ್ತಿಲ್ಲದೆಯೂ ಇರುತ್ತದೆ. ಪಾಟಿಯಿಂದ ಪುಸ್ತಕಕ್ಕೆ ನಕಲಾಗಬೇಕಾದರೆ ‘ಸೇವ್’ ಎಂಬ ಆಜ್ಞೆ ಕೊಡಬೇಕು: ಕಂಟ್ರೋಲ್ ಒತ್ತಿಹಿಡಿದು ‘ಎಸ್’. ಮೊದಲ ಸಲ ಆ ಬರೆಹಕ್ಕೆ ಒಂದು ಹೆಸರನ್ನು ಕೇಳುತ್ತದೆ. ಇಲ್ಲಿ ಸೋಮಾರಿತನ ಮಾಡಿ ಅದು ತಾನೇ ಸೂಚಿಸಿದ ಹೆಸರನ್ನು ಒಪ್ಪಿಕೊಂಡರೆ ಆರು ತಿಂಗಳ ಮೇಲೆ ಹುಡುಕಲಾಗದು. ತರಗತಿ, ವಿಷಯ, ವರ್ಷ ಈ ಮೂರೂ ಹೆಸರಿನಲ್ಲಿರಲಿ. ಆಮೇಲೆ ಪ್ರತಿ ಪರಿಚ್ಛೇದಕ್ಕೊಮ್ಮೆ ಕಂಟ್ರೋಲ್ ಎಸ್. ಕೆಲವು ತಂತ್ರಾಂಶಗಳು ತಾವೇ ಆಗಾಗ ಉಳಿಸಿಕೊಳ್ಳುವುದುಂಟು. ಅದನ್ನು ನಂಬಿ ಕೂಡಬಾರದು. ಯುಪಿಎಸ್ ಎಂಬ ಬ್ಯಾಟರಿಯ ಪೆಟ್ಟಿಗೆ ಇದ್ದರೂ ಅದು ಕೊಡುವುದು ಬರೆದುದನ್ನು ಉಳಿಸಿ ಯಂತ್ರ ನಿಲ್ಲಿಸುವಷ್ಟು ಅವಕಾಶ ಮಾತ್ರ.

ಇದಿಷ್ಟು ಯಾವ ಭಾಷೆಯವರಿಗಾದರೂ ಒಂದೇ. ಕನ್ನಡಿಗರಿಗೆ ಸೊಗಸಾದ ಭಾಗ ಇನ್ನು ಮುಂದೆ.

ಕೀಲಿಮಣೆಯ ಮೇಲಿರುವುದು ಇಂಗ್ಲಿಷಿನ 26 ಅಕ್ಷರಗಳು. ನಮ್ಮ ವರ್ಣಮಾಲೆಯಲ್ಲಿ 49. ಒತ್ತಕ್ಷರ, ಕಾಗುಣಿತಗಳನ್ನು ಸೇರಿಸಿದರೆ ರೂಪಗಳು ಸಾವಿರಗಟ್ಟಲೆ. ಇವನ್ನೆಲ್ಲ ಎಲ್ಲಿ ಕೂಡಿಸುವುದು? ಮುದ್ರಣ ಮತ್ತು ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದ ಕೆ. ಪಿ. ರಾವ್ ಅವರು ಇದಕ್ಕೆ ಕಂಡುಹಿಡಿದ ಉಪಾಯ ವ್ಯಾಕರಣ ಬಲ್ಲವರ ಉಪಾಯ. ಅಕ್ಷರದ ಚಿತ್ರಗಳನ್ನು ಕೀಲಿಗಳಿಗೆ ಹಂಚದೆ ಧ್ವನಿಗಳನ್ನು ಹಂಚಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದು ಈ ಬಗೆಯ ವಿನ್ಯಾಸವೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ಅನೇಕರಿಗೆ ಕನ್ನಡ ಬೆರಳಚ್ಚಿನ ರುಚಿ ಹತ್ತಿಸಿತು. ಗಣಕಯಂತ್ರದಲ್ಲಿ ಕನ್ನಡ ನೆಲೆಯೂರಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಪಟ್ಟ ಶ್ರಮವೂ ಸಣ್ಣದಲ್ಲ. ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಕೊಟ್ಟ ‘ಇನ್‌ಸ್ಕ್ರಿಪ್ಟ್’ ಎಂಬ ಇನ್ನೊಂದು ವಿನ್ಯಾಸವೂ ಉಂಟು. ಎರಡನ್ನೂ ಅರೆಬರೆ ಕಲಿಯುವುದಕ್ಕಿಂತ ಒಂದನ್ನು ಪೂರ್ತಿ ಕಲಿಯುವುದು ಲೇಸು. ನಾನು ಕಲಿತುದು ನುಡಿಯ ವಿನ್ಯಾಸ.

ಅದರಲ್ಲಿ ‘ಕೆ’ ಕೀಲಿ ಒತ್ತಿದರೆ ಕ. ಅದನ್ನೇ ‘ಶಿಫ್ಟ್’ ಕೀಲಿ ಹಿಡಿದು ಒತ್ತಿದರೆ ಖ. ಗ ಘ, ಚ ಛ, ತ ಥ, ದ ಧ, ಪ ಫ, ಬ ಭ, ಇವೂ ಹಾಗೆಯೇ ಜೋಡಿಜೋಡಿ. ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದಕ್ಕೆ ಒತ್ತು ಕೊಟ್ಟರೆ ಮಹಾಪ್ರಾಣ. ಸ್ವರದಲ್ಲಿ ಶಿಫ್ಟ್ ಕೀಲಿ ಹ್ರಸ್ವವನ್ನು ದೀರ್ಘ ಮಾಡುತ್ತದೆ: ಅ ಆ, ಇ ಈ, ಉ ಊ, ಎ ಏ, ಒ ಓ. ನ ಮತ್ತು ಣ ಒಂದೇ ಕೀಲಿಯ ಮೇಲೆ. ಲ ಮತ್ತು ಳ ಒಂದೇ ಕೀಲಿಯ ಮೇಲೆ. ಟ ಠ ‘ಕ್ಯೂ’ ಕೀಲಿಗೂ ಡ ಢ ‘ಡಬ್ಲ್ಯೂ’ ಕೀಲಿಗೂ ಷಕಾರ ‘ಎಕ್ಸ್’ ಕೀಲಿಗೂ ಹೋಗಿವೆ. ಇಂಥ ಕೆಲವನ್ನು ಬಾಯಿಪಾಠ ಮಾಡಬೇಕು. ವ್ಯಂಜನದ ಮೇಲೆ ಸ್ವರದ ಕೀಲಿ ಒತ್ತಿದರೆ ಕಾಗುಣಿತ ತಾನಾಗಿ ಮೂಡುತ್ತದೆ. ಕ ಒತ್ತಿ ಇ ಒತ್ತಿದರೆ ಕಿ. ಗುಡಿಸು, ಕೊಂಬು, ಏತ್ವಗಳನ್ನು ಹುಡುಕಬೇಕಾದುದಿಲ್ಲ.

ಒತ್ತಕ್ಷರಕ್ಕೆ ‘ಎಫ್’ ಕೀಲಿ. ಎಫ್ ಎಂದರೆ ಅರ್ಧಾಕ್ಷರದ ಗುರುತು. ಕ, ಎಫ್, ತ ಎಂದರೆ ಕ್ತ. ಕೀಲಿಮಣೆಯನ್ನು ಬೆರಳಿನಿಂದ ಸವರಿ ನೋಡಿರಿ. ಎಫ್ ಮತ್ತು ಜೆ ಕೀಲಿಗಳ ಮೇಲೆ ಮಾತ್ರ ಸಣ್ಣದೊಂದು ಉಬ್ಬು ಇರುತ್ತದೆ. ನೋಡದೆ ಬೆರಳಚ್ಚು ಮಾಡುವವರ ಎರಡು ತೋರುಬೆರಳುಗಳು ವಿಶ್ರಮಿಸುವ ಜಾಗ ಅದು. ಕನ್ನಡಕ್ಕೆ ಪದೇಪದೇ ಬೇಕಾಗುವ ಅರ್ಧಾಕ್ಷರದ ಕೀಲಿ ಸರಿಯಾಗಿ ಎಡ ತೋರುಬೆರಳಿನ ಕೆಳಗೇ ಬಂದು ಕುಳಿತಿದೆ.

ನಮ್ಮ ಮೂರು ತಾಲ್ಲೂಕುಗಳ ಹೆಸರನ್ನೇ ಬರೆಯೋಣ. ಆಳಂದ: ಶಿಫ್ಟ್ ಹಿಡಿದು ‘ಎ’, ಶಿಫ್ಟ್ ಹಿಡಿದು ‘ಎಲ್’, ಶಿಫ್ಟ್ ಹಿಡಿದು ‘ಎಮ್’, ಬರಿಯ ‘ಡಿ’. ಶಿಫ್ಟ್ ಹಿಡಿದ ಎಮ್ ಎಂದರೆ ಅನುಸ್ವಾರ. ಅಫಜಲಪುರ: ಎ, ಶಿಫ್ಟ್ ಹಿಡಿದು ಪಿ, ಜೆ, ಎಲ್, ಪಿ, ಯು, ಆರ್. ಈ ಎರಡನ್ನು ಬರೆಯುವಾಗ ಕೈಗೆ ಸಂದೇಹ ಬರುವುದಿಲ್ಲ. ಜೇವರ್ಗಿಯಲ್ಲಿ ಬರುತ್ತದೆ.

ನಾವು ಕೈಯಿಂದ ಬರೆಯುವಾಗ ಜೇ, ವ, ಗಿ ಬರೆದು, ಆಮೇಲೆ ಗಿಕಾರದ ಬಲಕ್ಕೆ ಅರ್ಕಾವೊತ್ತನ್ನು ಎಳೆಯುತ್ತೇವೆ. ನಾನೂ ಹಾಗೆಯೇ ಗ ಒತ್ತಿ, ಇ ಒತ್ತಿ, ಅರ್ಕಾವೊತ್ತಿನ ಕೀಲಿ ಎಲ್ಲಿದೆಯೆಂದು ಕೀಲಿಮಣೆಯನ್ನೆಲ್ಲ ತಡಕಾಡಿದೆನು. ಅಂಥ ಕೀಲಿಯೇ ಇಲ್ಲ. ಹುಡುಗಿ ನಕ್ಕು, “ಸರ, ಬರಿಯೂದು ಬಿಡ್ರಿ, ಬಾಯಿಲೆ ಅನ್ರಿ” ಎಂದಳು. ಅಂದೆನು: ಜೇ, ವ, ರ್, ಗಿ. ರಕಾರ ಮೊದಲು, ಗಕಾರ ಆಮೇಲೆ. ಕೀಲಿಗಳೂ ಅದೇ ಕ್ರಮದಲ್ಲಿ: ಜೆ, ಶಿಫ್ಟ್ ಹಿಡಿದು ಇ, ವಿ, ಆರ್, ಎಫ್, ಜಿ, ಐ. ಅರ್ಕಾವೊತ್ತು ತಾನಾಗಿ ತನ್ನ ಸ್ಥಾನಕ್ಕೆ ಬಂದು ನಿಂತಿತು.

ಶಕ್ತಿ ಎಂಬ ಮಾತನ್ನು ನೋಡಿರಿ. ಕೈ ಗುಡಿಸನ್ನು ಕಕಾರದ ಮೇಲೆ ಹಾಕುತ್ತದೆ. ಕಿವಿಗೆ ಇಕಾರ ಕೇಳುವುದು ತಕಾರದ ಆಚೆಗೆ. ಯಂತ್ರ ಕೇಳುವುದು ಕಿವಿಯ ಮಾತನ್ನು: ಶ, ಕ, ಎಫ್, ತ, ಇ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಅಕ್ಷರವಿಚಾರವನ್ನು ತೊಡಗುವುದು ಧ್ವನಿಯಿಂದಲೇ. ಸಂಧಿ ಬಿಡಿಸಿ, ವರ್ಣ ವಿಂಗಡಿಸಿ ಜೀವನ ಸಾಗಿಸಿದ ಪಂಡಿತರು ಈ ಯಂತ್ರಕ್ಕೆ ಹೆದರಿ ದೂರ ಕುಳಿತೆವಲ್ಲ ಎಂದು ನನಗೆ ಅಂದು ನಗುವೂ ಬಂದಿತು, ನಾಚಿಕೆಯೂ ಆಯಿತು. ಕಾಗುಣಿತ ಬಲ್ಲ ಯಾವ ಅಜ್ಜ ಅಜ್ಜಿಗೂ ಇದರ ಮುಕ್ಕಾಲು ಪಾಲು ಆಗಲೇ ಬರುತ್ತದೆ.

ಬರೆದುದು ಒಳಗೆ ಹೇಗೆ ಉಳಿಯುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಯಂತ್ರಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಏರ್ಪಾಡಿಗೆ ಯುನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಅಕಾರದ ಸಂಖ್ಯೆ 3205, ಕಕಾರದ್ದು 3221. ಜೇವರ್ಗಿಯ ‘ರ್ಗಿ’ ಎಂಬುದು ಒಳಗೆ 3248, 3277, 3223, 3263 ಎಂದು ಕುಳಿತಿರುತ್ತದೆ: ರಕಾರ, ಅರ್ಧಾಕ್ಷರದ ಗುರುತು, ಗಕಾರ, ಇಕಾರದ ಗುಡಿಸು. ಅಲ್ಲಿಯೂ ಉಚ್ಚಾರಣೆಯ ಕ್ರಮವೇ. ಇದಕ್ಕೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಹೀಗಿರಲಿಲ್ಲ. ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲಿ ಬಚ್ಚಿಟ್ಟು ಕೆಲಸ ಸಾಗಿಸುತ್ತಿದ್ದರು. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಎಲ್ಲವೂ ಕಲಸಿಹೋಗಿ ಕಾಣುವುದು. ನಡುಗನ್ನಡ ಪದ್ಯಭಾಗದ ನನ್ನ ಪ್ರಶ್ನೆಪತ್ರಿಕೆಯೊಂದು ಇನ್ನೊಂದು ಊರಿನಲ್ಲಿ ಹೀಗೆ ತೆರೆದುಕೊಂಡಾಗ, ಅಲ್ಲಿಯ ಶಿಕ್ಷಕಮಿತ್ರರು ದೂರವಾಣಿ ಮಾಡಿ ಇದು ಯಾವ ಛಂದಸ್ಸು ಎಂದು ವಿಚಾರಿಸಿದ್ದರು. ಆದುದರಿಂದ ಬರೆಯಲು ಕೂಡುವ ಮುನ್ನ ಯಂತ್ರವನ್ನು ನೋಡಿಕೊಳ್ಳುವವರನ್ನು “ಇದು ಯುನಿಕೋಡೇ?” ಎಂದು ಕೇಳಿರಿ. ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸುವ ಕೀಲಿ ಯಾವುದೆಂದೂ ಆಗಲೇ ಕೇಳಿ ಬರೆದಿಟ್ಟುಕೊಳ್ಳಿರಿ; ಅದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ.

ಎಲ್ಲಿ ಕಲಿಯುವುದೆಂದು ವಾಚಕರು ಕೇಳಬಹುದು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಹೆಸರು ಪಡೆದಿವೆ. ಅನೇಕ ಕಡೆ ಅಲ್ಲಿ ಗಣಕಯಂತ್ರವುಂಟು. ಶಾಲೆಗಳಲ್ಲಿ ಮುಸುಕಿನೊಳಗಿನವು ಉಂಟು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು. ಭಾನುವಾರ ನಾಲ್ಕು ಗಂಟೆ ಕುಳಿತರೆ ಕತ್ತು ನೋಯುವುದಷ್ಟೇ ಲಾಭ. ಕಲಿಸುವವರು ಮೌಸನ್ನು ತಮ್ಮ ಕೈಗೆ ತೆಗೆದುಕೊಳ್ಳದಂತೆ ಮಾತ್ರ ನೋಡಿಕೊಳ್ಳಿರಿ. ಅವರು ಮಾಡಿ ತೋರಿಸಿದುದು ಅವರ ಕೈಗೆ ಅಭ್ಯಾಸ, ನಮ್ಮ ಕೈಗಲ್ಲ. ಅಭ್ಯಾಸಕ್ಕೆ ಊರುಗಳ ಹೆಸರು ಒಳ್ಳೆಯದು. ಕಡಗಂಚಿ, ನಿಂಬರ್ಗಾ, ಮಾದನಹಿಪ್ಪರಗಾ, ಕರಜಗಿ, ಗಾಣಗಾಪುರ, ನೆಲೋಗಿ, ಆಂದೋಲಾ. ನಿಂಬರ್ಗಾದಲ್ಲಿ ಅನುಸ್ವಾರವೂ ಅರ್ಕಾವೊತ್ತೂ ಒಟ್ಟಿಗೇ ಸಿಕ್ಕುತ್ತವೆ. ನಿಮ್ಮೂರಿನ ಹೆಸರು ಬರೆದಾದ ಮೇಲೆ ಮನೆಯವರ ಹೆಸರುಗಳು, ಆಮೇಲೆ ಒಂದು ಅರ್ಜಿ.

ಈಗ ತರಗತಿಯ ಯಾದಿಯನ್ನು ನಾನೇ ಸಿದ್ಧಮಾಡುತ್ತೇನೆ. ಇಂಗ್ಲಿಷ್ ಲಿಪಿಯ ಹೆಸರಿನ ಪಕ್ಕದಲ್ಲಿ ಕನ್ನಡದ ಹೆಸರಿಗೊಂದು ಅಂಕಣವಿರುತ್ತದೆ. ಆಧಾರ್ ಚೀಟಿಯನ್ನೂ ಬ್ಯಾಂಕಿನ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ತುಂಬುತ್ತೇನೆ. ಮುದ್ರಿಸುವ ಮುನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪರದೆಯ ಮೇಲೆ ತಮ್ಮ ಹೆಸರನ್ನು ತಾವೇ ಓದಿಕೊಳ್ಳಲು ಹೇಳುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮಾಳಪ್ಪ ಎಂದು ಬರೆಯಲು ಬೇಕಾದುವು ಆರೇ ಕೀಲಿಗಳು: ಎಮ್, ಶಿಫ್ಟ್ ಹಿಡಿದು ಎ, ಶಿಫ್ಟ್ ಹಿಡಿದು ಎಲ್, ಪಿ, ಎಫ್, ಪಿ.